ಹಿತ್ತಲಿನಲ್ಲಿ ಕಾಡು ಕಾರ್ನೇಷನ್: ಬೆಳೆಸುವ ಬಗೆ, ನೋಡಿಕೊಳ್ಳುವ ಬಗೆ

(ಸ್ವಸಹಾಯ ಸಂಘಗಳ ಸಭೆಯಲ್ಲಿ ಓದಿ ಹೇಳಲು)



ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಭಾಗದ ಸಂಘಗಳ ಸಭೆಗೆ ಹೋದಾಗ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಸಿಸ್ಟರ್, ಕಾರ್ನೇಷನ್ ಅಂತಾರಲ್ರೀ, ಆ ಹೂವು ನಮ್ಮ ಹಿತ್ತಲದಾಗ ಬರ್ತೈತೇನ್ರಿ?" ಕೆಲವರು ಮೊಬೈಲಿನಲ್ಲಿ ಚಿತ್ರ ತೋರಿಸುತ್ತಾರೆ. ಕೆಲವರು ಹುಬ್ಬಳ್ಳಿಯ ಮದುವೆ ಮಂಟಪದಲ್ಲಿ ನೋಡಿ ಬಂದಿರುತ್ತಾರೆ. ಒಂದಿಬ್ಬರು ಬೀಜದ ಪಾಕೀಟು ತಂದು, ಯುಗಾದಿ ಸುಮಾರಿಗೆ ಬಿತ್ತಿ, ಒಂದು ಸಸಿಯೂ ಉಳಿಯಲಿಲ್ಲವೆಂದು ಬೇಸರ ಮಾಡಿಕೊಂಡಿದ್ದಾರೆ.

ಕೇಳುವವರಲ್ಲಿ ಎರಡು ತರಹದವರಿದ್ದಾರೆ. ಮನೆ ಮುಂದೆ ನಾಲ್ಕು ಗಿಡ ಇರಲಿ, ಕಣ್ಣಿಗೆ ತಂಪು ಅನ್ನುವವರು ಒಂದು ತರಹ. ಸಂಘದಿಂದ ಸಾಲ ತೆಗೆದು ಈ ಹೂವನ್ನೇ ಬೆಳೆದು ಮಾರೋಣ ಅನ್ನುವವರು ಇನ್ನೊಂದು ತರಹ. ಇಬ್ಬರಿಗೂ ಒಂದೇ ಉತ್ತರ ಕೊಡಲಾಗದು. ಮೊದಲನೆಯವರಿಗೆ ನಾವು ಹೇಳುವುದು: ಬರುತ್ತದೆ, ಆದರೆ ಚಳಿಗಾಲದಲ್ಲಿ ಮಾತ್ರ, ಅದೂ ಕಾಡು ಜಾತಿಯದು. ಎರಡನೆಯವರಿಗೆ: ಸಾಲ ಮಾಡಬ್ಯಾಡ್ರಿ. ಯಾಕೆ ಅನ್ನುವುದನ್ನು ಈ ಪಾಠದಲ್ಲಿ ಬಿಡಿಸಿ ಹೇಳುತ್ತೇವೆ.

ಇದು ಎಂಥ ಹೂವು?

ಕಾರ್ನೇಷನ್ ಒಂದು ಗಿಡವಲ್ಲ, ಒಂದು ದೊಡ್ಡ ಮನೆತನ. ಈ ಮನೆತನಕ್ಕೆ ಡಯಾಂಥಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ದೇವರ ಹೂವು. ಸುಮಾರು ಮುನ್ನೂರು ಜಾತಿಗಳಿವೆ. ಹೆಚ್ಚಿನವು ಯುರೋಪು ಮತ್ತು ಏಷ್ಯಾದ ತಂಪು ಪ್ರದೇಶಗಳಲ್ಲಿ, ಕಲ್ಲು ಬೆಟ್ಟಗಳಲ್ಲಿ, ಸುಣ್ಣದ ಅಂಶ ಇರುವ ಮಣ್ಣಿನಲ್ಲಿ ತಾವಾಗಿ ಹುಟ್ಟುತ್ತವೆ. ನಮ್ಮ ದೇಶದಲ್ಲಿ ಹಿಮಾಲಯದ ಕಡೆ ಕೆಲವು ಕಾಡು ಜಾತಿಗಳಿವೆ. ದಕ್ಷಿಣದಲ್ಲಿ ಇಲ್ಲ.

ಅಂಗಡಿಯಲ್ಲಿ ಸಿಗುವ ದಪ್ಪ ಹೂವು, ಅಂದರೆ ಉದ್ದ ಕಡ್ಡಿ, ಒತ್ತೊತ್ತಾಗಿ ಮಡಿಚಿದ ಎಸಳು ಇರುವುದು, ಮನುಷ್ಯರು ನೂರಾರು ವರ್ಷ ಆರಿಸಿ ಆರಿಸಿ ಮಾಡಿಕೊಂಡ ತಳಿ. ಅದರ ಮೂಲ ಗಿಡ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕಲ್ಲು ಗುಡ್ಡದ ಒಂದು ಬಡ ಗಿಡ. ಅದಕ್ಕೆ ಐದೇ ಎಸಳು. ಅಂಚು ಗರಗಸದ ಹಲ್ಲಿನ ಹಾಗೆ ಕತ್ತರಿಸಿದ್ದು, ಬಣ್ಣ ಗುಲಾಬಿ. ಮೂಗಿನ ಹತ್ತಿರ ಹಿಡಿದರೆ ಲವಂಗದ ವಾಸನೆ. ಸಸ್ಯಶಾಸ್ತ್ರದವರು ಇದಕ್ಕೆ ಲವಂಗದ ಹೆಸರನ್ನೇ ಸೇರಿಸಿ ಹೆಸರಿಟ್ಟಿದ್ದಾರೆ. ಎಲೆ ಸಣ್ಣ, ಉದ್ದ, ಹುಲ್ಲಿನ ಹಾಗೆ, ಮೇಲೆ ಬೂದಿ ಸವರಿದಂಥ ನೀಲಿ-ಹಸಿರು ಬಣ್ಣ. ಆ ಬೂದಿ ಬಣ್ಣ ತೆಳುವಾದ ಮೇಣದ ಪದರ. ಎಲೆಯ ನೀರು ಆರಿಹೋಗದ ಹಾಗೆ ಗಿಡವೇ ಮಾಡಿಕೊಂಡ ವ್ಯವಸ್ಥೆ. ಗಿಡ ಬಂದದ್ದು ನೀರಿಲ್ಲದ ಕಲ್ಲು ನೆಲದಿಂದ ಎಂಬುದನ್ನು ಈ ಎಲೆಯೇ ಹೇಳುತ್ತದೆ. ಆರೈಕೆಯ ಅರ್ಧ ಪಾಠ ಇಷ್ಟರಲ್ಲೇ ಇದೆ.

ನಮ್ಮ ಹಿತ್ತಲಿಗೆ ಒಗ್ಗುವುದು ಈ ಮನೆತನದ ಒಂದು ತಂಗಿ. ಚೀನಾದ ಉತ್ತರ ಭಾಗ, ಮಂಗೋಲಿಯ, ಕೊರಿಯಾ ಕಡೆಯ ಕಾಡು ಗಿಡ. ಬೀಜದ ಪಾಕೀಟಿನ ಮೇಲೆ ಡಯಾಂಥಸ್ ಚೈನೆನ್ಸಿಸ್ ಅಥವಾ ಚೈನಾ ಪಿಂಕ್ ಎಂದು ಬರೆದಿರುತ್ತದೆ. ನರ್ಸರಿಯವರು ಬರೀ ಡಯಾಂಥಸ್ ಅನ್ನುತ್ತಾರೆ. ಒಂದು ಗೇಣು, ಒಂದೂವರೆ ಗೇಣು ಎತ್ತರ. ಬಿಳಿ, ಗುಲಾಬಿ, ಕಡುಕೆಂಪು, ನಡುವೆ ಬೇರೆ ಬಣ್ಣದ ಉಂಗುರ. ಲವಂಗದ ವಾಸನೆ ಇದರಲ್ಲಿ ಇಲ್ಲವೆಂದೇ ಹೇಳಬೇಕು. ಆದರೆ ಬಿತ್ತಿ ಎರಡೂವರೆ-ಮೂರು ತಿಂಗಳಿಗೆ ಹೂ ಕೊಡುತ್ತದೆ. ಲವಂಗದ ವಾಸನೆಯ ಮೂಲ ಕಾರ್ನೇಷನ್‌ಗೆ ಬೀಜದಿಂದ ಹೂ ಬರಲು ಅರ್ಧ ವರ್ಷ ಬೇಕು, ಅಷ್ಟರಲ್ಲಿ ನಮ್ಮ ಬ್ಯಾಸಿಗಿ ಬಂದು ಬಿಡುತ್ತದೆ. ವಾಸನೆ ಬೇಕೋ, ಹೂ ಬೇಕೋ ಅಂದರೆ ನಾವು ಹೂ ಬೇಕು ಅನ್ನುತ್ತೇವೆ.

ಸಾಲದ ವಿಚಾರ

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಾರುಕಟ್ಟೆಯ ಕಾರ್ನೇಷನ್ ಬೆಳೆಯುವುದು ನೀಲಗಿರಿ, ಕೊಡೈಕನಾಲ್, ಬೆಂಗಳೂರು-ಹೊಸೂರು ಕಡೆಯ ಪಾಲಿಹೌಸುಗಳಲ್ಲಿ. ಅದಕ್ಕೆ ರಾತ್ರಿ 10-15 ಡಿಗ್ರಿ ತಂಪು, ಹಗಲು 25 ಡಿಗ್ರಿ ಒಳಗಿನ ಬಿಸಿ ಇರಬೇಕು. ಶಿರಹಟ್ಟಿಯಲ್ಲಿ ಮಾರ್ಚ್ ನಡುವಿಗೇ ಹಗಲು 35 ದಾಟುತ್ತದೆ, ಏಪ್ರಿಲ್‌ನಲ್ಲಿ 38-40 ಮುಟ್ಟುತ್ತದೆ. ಆ ಬಿಸಿಗೆ ಕಡ್ಡಿ ಸಣ್ಣಗಾಗುತ್ತದೆ, ಹೂ ಚಿಕ್ಕದಾಗುತ್ತದೆ. ಹಗಲು-ರಾತ್ರಿಯ ಬಿಸಿಯಲ್ಲಿ ಬಹಳ ವ್ಯತ್ಯಾಸವಾದರೆ ಹೂವಿನ ಕೆಳಗಿನ ಹಸಿರು ಬಟ್ಟಲು ಸೀಳಿ ಎಸಳು ಒಂದು ಕಡೆ ಜೋತು ಬೀಳುತ್ತದೆ. ಸೀಳಿದ ಹೂವಿಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಪಾಲಿಹೌಸಿಗೆ ಲಕ್ಷಗಟ್ಟಲೆ ಹಣ, ಅದರ ಮೇಲೆ ಸಸಿಯ ಬೆಲೆ, ಹನಿ ನೀರಾವರಿ, ಬಿಡದೆ ಕರೆಂಟು, ಹೂವನ್ನು ತಂಪಾಗಿ ಸಾಗಿಸುವ ಗಾಡಿ. ಇದರಲ್ಲಿ ಯಾವುದು ತಪ್ಪಿದರೂ ನಷ್ಟ. ಗಿಡ ಬಾಡಿತು ಅಂತ ಸಾಲದ ಕಂತು ನಿಲ್ಲುವುದಿಲ್ಲ.

ಊರಿಗೆ ಬಂದು, ಸಸಿ ನಾವು ಕೊಡ್ತೀವಿ, ಹೂವು ನಾವೇ ಕೊಳ್ತೀವಿ, ನೀವು ಮುಂಗಡ ಕಟ್ಟಿ ಸಾಕು ಎನ್ನುವವರು ಸಿಗುತ್ತಾರೆ. ಅಂಥವರಿಗೆ ಎರಡೇ ಪ್ರಶ್ನೆ ಕೇಳಿ. ಶಿರಹಟ್ಟಿ ತಾಲೂಕಿನಲ್ಲಿ ಎರಡು ಬ್ಯಾಸಿಗಿ ದಾಟಿಸಿದ ಒಂದು ತೋಟ ತೋರಸ್ರಿ. ಕೊಳ್ಳುವ ಮಾತನ್ನು ಕಾಗದದ ಮೇಲೆ ಬರೆದು ಸಹಿ ಮಾಡಿ ಕೊಡ್ರಿ. ಹತ್ತು ಹದಿನೈದು ಮಂದಿ ವಾರ ವಾರ ಹೊಟ್ಟೆ ಕಟ್ಟಿ ಕೂಡಿಸಿದ ಹಣ ಅದು. ಬಾಯಿ ಮಾತಿನ ಮೇಲೆ ಬಿಡುವಂಥದ್ದಲ್ಲ.

ಹೂವಿನಿಂದಲೇ ದುಡಿಯಬೇಕು ಅಂದರೆ ಸೇವಂತಿಗೆ, ಚೆಂಡು ಹೂ, ಕನಕಾಂಬರ, ಮಲ್ಲಿಗೆ ಇವೆ. ಗದಗ, ಲಕ್ಷ್ಮೇಶ್ವರ, ಹುಬ್ಬಳ್ಳಿ ಪೇಟೆಯಲ್ಲಿ ಇವನ್ನು ಕೊಳ್ಳುವವರಿದ್ದಾರೆ, ಬೆಳೆದು ಗೊತ್ತಿರುವ ರೈತರು ನಮ್ಮ ಪಕ್ಕದಲ್ಲೇ ಇದ್ದಾರೆ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ಮತ್ತು ತಾಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಮೊದಲು ವಿಚಾರಿಸಿ, ಆಮೇಲೆ ಸಂಘದ ಸಭೆಯಲ್ಲಿ ಠರಾವು ಮಾಡಿ. ಕಾರ್ನೇಷನ್ ಹಿತ್ತಲಿನ ಸಂತೋಷಕ್ಕೆ ಇರಲಿ. ಒಂದು ಪಾಕೀಟಿನ ಬೀಜ ಮೂರು ಮನೆಗೆ ಸಾಕಾಗುತ್ತದೆ, ಕೂಡಿ ತಂದರೆ ಇನ್ನೂ ಅಗ್ಗ.

ಮಣ್ಣು

ಲಕ್ಷ್ಮೇಶ್ವರದ ಕಡೆ ಎರಿ ಮಣ್ಣು ಹೆಚ್ಚು, ಗುಡ್ಡದ ಸೆರಗಿನ ಊರುಗಳಲ್ಲಿ ಮಸಾರಿ ಮತ್ತು ಗರಸು. ಈ ಗಿಡದ ಮಟ್ಟಿಗೆ ಮಸಾರಿಯವರು ಅದೃಷ್ಟವಂತರು. ಬೇರು ಉಸಿರಾಡಬೇಕು, ನೀರು ನಿಲ್ಲಬಾರದು, ಇವೆರಡೇ ಇದರ ಹಟ. ಹುಳಿ ಮಣ್ಣು ಇದಕ್ಕೆ ಆಗದು. ಸ್ವಲ್ಪ ಸುಣ್ಣ ಇರುವ ಮಣ್ಣು ಇಷ್ಟ. ನಮ್ಮ ಭಾಗದ ಮಣ್ಣಿನಲ್ಲಿ ಸುಣ್ಣದ ಅಂಶ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಎರಿ ಹೊಲ ಅಗೆದರೆ ಬಿಳಿ ಸುಣ್ಣದ ಹರಳು ಕಾಣುವುದನ್ನು ನೀವೇ ನೋಡಿದ್ದೀರಿ. ಆದ್ದರಿಂದ ಯಾವುದೋ ಪುಸ್ತಕದಲ್ಲಿ ಓದಿ ಮೇಲೆ ಸುಣ್ಣ ಹಾಕಬೇಡಿ. ಒಲೆಯ ಬೂದಿಯನ್ನೂ ಸುರಿಯಬೇಡಿ, ಅದು ಕ್ಷಾರವನ್ನು ಇನ್ನೂ ಏರಿಸುತ್ತದೆ.

ಎರಿ ಮಣ್ಣಿನವರು ನೆಲದಲ್ಲಿ ನೆಡುವ ಬದಲು ಮಡಿ ಏರಿಸಬೇಕು, ಇಲ್ಲವೆ ಡಬ್ಬಿಯಲ್ಲಿ ಬೆಳೆಸಬೇಕು. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಒಂದು ಗೇಣು ಆಳದ ಗುಂಡಿ ತೋಡಿ, ತುಂಬ ನೀರು ಹಾಕಿ. ಒಂದು ತಾಸಿನಲ್ಲಿ ಇಂಗಿತೇ, ಅಲ್ಲೇ ನೆಡಬಹುದು. ಸಂಜೆಯವರೆಗೂ ನಿಂತಿತೇ, ಆ ಜಾಗ ಬಿಡಿ. ಡಬ್ಬಿಗೆ ಹಳೆಯ ಎಣ್ಣೆ ಡಬ್ಬಿ, ಒಡೆದ ಪ್ಲಾಸ್ಟಿಕ್ ಕೊಡ, ಅರ್ಧ ಕತ್ತರಿಸಿದ ಸಿಮೆಂಟ್ ಚೀಲ ಯಾವುದಾದರೂ ನಡೆಯುತ್ತದೆ. ಹೊಸ ಕುಂಡ ಕೊಳ್ಳುವ ಅಗತ್ಯವಿಲ್ಲ. ತಳದಲ್ಲಿ ನಾಲ್ಕೈದು ತೂತು ಇರಲೇಬೇಕು. ತಳಕ್ಕೆ ಹಂಚಿನ ಚೂರು ಅಥವಾ ಗರಸು ಎರಡು ಬೆರಳು ದಪ್ಪ. ಅದರ ಮೇಲೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳ್ಳದ ಉಸುಕು, ಒಂದು ಪಾಲು ಪೂರ್ತಿ ಕಳಿತ ತಿಪ್ಪೆ ಗೊಬ್ಬರ. ಪೂರ್ತಿ ಕಳಿತ ಅಂದರೆ ಕೈಯಲ್ಲಿ ಹಿಡಿದರೆ ಸಗಣಿ ವಾಸನೆ ಬರಬಾರದು, ಚಹಾಪುಡಿ ಹಾಗೆ ಉದುರಬೇಕು. ಹಸಿ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ, ಎಲೆ ದಪ್ಪಗಾಗಿ ಹೂ ಕಡಿಮೆಯಾಗುತ್ತದೆ. ಇದು ಬಡ ನೆಲದ ಗಿಡ, ಹಬ್ಬದ ಊಟ ದಿನಾ ಬೇಡ.

ಬಿತ್ತುವ ಕಾಲ

ಮುಖ್ಯ ಗುಟ್ಟು ಇಲ್ಲಿದೆ. ಯುಗಾದಿಗೆ ಬಿತ್ತಿದವರ ಸಸಿ ಹೋದದ್ದಕ್ಕೆ ಬೀಜ ಕಾರಣವಲ್ಲ, ಕಾಲ ಕಾರಣ. ಉತ್ತರಿ ಮಳೆ ಮುಗಿದು ಹಸ್ತ ಮಳೆ ಹಿಡಿಯುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಹತ್ತರ ಒಳಗೆ ಬಿತ್ತಬೇಕು. ಹಾಗಾದರೆ ಚಿತ್ತಿ, ಸ್ವಾತಿ ಮಳೆಯ ತಂಪಿನಲ್ಲಿ ಸಸಿ ಬಲಿಯುತ್ತದೆ, ಎಳ್ಳಮಾಸಿ, ಕ್ರಿಸ್ಮಸ್ ಹೊತ್ತಿಗೆ ಮೊದಲ ಹೂವು. ಸೀಗಿ ಹುಣ್ಣಿಮೆ ದಾಟಿಸಿ ಬಿತ್ತಿದರೂ ಬರುತ್ತದೆ, ಆದರೆ ಹೂವಿನ ದಿನಗಳು ಕಡಿಮೆಯಾಗುತ್ತವೆ.

ಸಸಿ ಮಡಿಗೆ ಹಳೆಯ ಪರಾತ ಅಥವಾ ಅಗಲ ಬುಟ್ಟಿ ಸಾಕು. ಹಿಂಗಾರಿ ಮಳೆ ಒಮ್ಮೊಮ್ಮೆ ಜೋರಾಗಿ ಹೊಡೆಯುವುದರಿಂದ ಪಡಸಾಲೆಯ ಅಂಚಿನಲ್ಲಿ, ಬೆಳಗಿನ ಬಿಸಿಲು ಬೀಳುವಲ್ಲಿ ಇಡಿ. ಬೀಜ ಕಪ್ಪಗೆ, ಚಪ್ಪಟೆಯಾಗಿ, ಈರುಳ್ಳಿ ಬೀಜಕ್ಕಿಂತ ಸ್ವಲ್ಪ ತೆಳು. ಒಂದೊಂದನ್ನು ಬೆರಳಗಲ ಬಿಟ್ಟು ಹಾಕಿ, ಮೇಲೆ ಜರಡಿ ಹಿಡಿದ ಉಸುಕು ತೆಳುವಾಗಿ ಉದುರಿಸಿ. ಬೀಜ ಮುಚ್ಚಿದರೆ ಸಾಕು, ಹೂಳಬಾರದು. ನೀರನ್ನು ಕೈಯಿಂದ ಚಿಮುಕಿಸಿ. ಏಳರಿಂದ ಹತ್ತು ದಿನಕ್ಕೆ ಮೊಳಕೆ. ಒತ್ತಾಗಿ ಬಂದರೆ ಕಿತ್ತು ತೆಳು ಮಾಡಿ. ಕೀಳಲು ಮನಸ್ಸಾಗುವುದಿಲ್ಲ, ನಮಗೆ ಗೊತ್ತು. ಆದರೆ ಒತ್ತಾಗಿ ಬಿಟ್ಟರೆ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಪರಾತವೇ ಮಲಗಿಬಿಡುತ್ತದೆ.

ನಾಲ್ಕು ವಾರಕ್ಕೆ ಮೂರು ಜೊತೆ ಎಲೆ ಬಂದ ಮೇಲೆ ಸಂಜೆ ಹೊತ್ತು ನಾಟಿ ಮಾಡಿ. ಗಿಡದಿಂದ ಗಿಡಕ್ಕೆ ಒಂದು ಗೇಣು. ಪರಾತದಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳಕ್ಕೆ ನೆಡಿ, ಕಾಂಡದ ಬುಡ ಮಣ್ಣಿನಲ್ಲಿ ಮುಚ್ಚಿದರೆ ಕೊಳೆಯುತ್ತದೆ. ದಿನಕ್ಕೆ ಐದಾರು ತಾಸು ಬಿಸಿಲು ಬೇಕು. ಬೇವಿನ ಮರದ ಕೆಳಗೆ ನೆಟ್ಟು ಹೂ ಬರಲಿಲ್ಲ ಅನ್ನಬೇಡಿ. ಐದಾರು ಜೊತೆ ಎಲೆ ಆದಾಗ ತುದಿ ಚಿವುಟಿ. ಚಿವುಟಿದರೆ ಬುಡದಿಂದ ನಾಲ್ಕೈದು ಕವಲು ಒಡೆದು ಗಿಡ ಪೊದೆಯಾಗುತ್ತದೆ.

ನೀರು

ನೀರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇವೆ, ಯಾಕೆಂದರೆ ನಮ್ಮ ಊರುಗಳಲ್ಲಿ ನೀರು ತರುವವರು ನೀವೇ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಾಡು ಇದು. ನಳ ಬಂದ ದಿನ ಕೊಡ ತುಂಬಿಸಿಡುವುದು, ಬಾರದ ದಿನ ಲೆಕ್ಕ ಹಾಕುವುದು ನಿಮಗೆ ಹೊಸದಲ್ಲ. ಹೂವಿನ ಗಿಡಕ್ಕಾಗಿ ಒಂದು ಕೊಡ ಹೆಚ್ಚಿಗೆ ಹೊರುವಂತಾದರೆ ಆ ಹೂವು ಬೇಡ ಅನ್ನುವವರು ನಾವು.

ಈ ಗಿಡಕ್ಕೆ ಹಾಗೆ ಹೊರಬೇಕಾಗಿಲ್ಲ. ಬೆರಳನ್ನು ಮಣ್ಣಿನಲ್ಲಿ ಒಂದು ಗೆಣ್ಣು ಒಳಗೆ ಹಾಕಿ ನೋಡಿ. ತಂಪು ತಾಗಿದರೆ ಅವತ್ತು ನೀರು ಬೇಡ. ಒಣಗಿದ್ದರೆ ಗಿಡಕ್ಕೆ ಒಂದು ಚಹಾ ಲೋಟದಷ್ಟು. ಡಿಸೆಂಬರ್-ಜನವರಿಯಲ್ಲಿ ಇದು ಎರಡು ಮೂರು ದಿನಕ್ಕೊಮ್ಮೆ ಬರುತ್ತದೆ. ಹತ್ತು ಗಿಡಕ್ಕೆ ಲೆಕ್ಕ ಹಾಕಿದರೆ ಒಂದು ಸಲಕ್ಕೆ ಒಂದೂವರೆ-ಎರಡು ಲೀಟರ್. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು ಇಷ್ಟಕ್ಕೆ ಸಾಕು. ಬುಡಕ್ಕೆ ಹಾಕಿ, ಎಲೆ-ಹೂವಿನ ಮೇಲೆ ಬೇಡ. ಬೆಳಿಗ್ಗೆ ಹಾಕಿ, ರಾತ್ರಿಗೆ ಬುಡ ಒಣಗಿರಲಿ.

ಬಟ್ಟೆ ತೊಳೆದ ಸೋಡಾ-ಪೌಡರ್ ನೀರು, ಸಾಬೂನಿನ ಬಚ್ಚಲ ನೀರು ಇದಕ್ಕೆ ಬೇಡ. ಬಚ್ಚಲ ನೀರು ಬಾಳೆಗೆ, ಕೆಸುವಿಗೆ ಹೋಗಲಿ. ಬೋರ್ ನೀರು ಹಾಕುವವರ ಮಣ್ಣಿನ ಮೇಲೆ ಕೆಲವು ಕಡೆ ಬಿಳಿ ಪದರ ಕಟ್ಟುತ್ತದೆ, ಅದು ಉಪ್ಪು. ಮೇಲಿನ ಪದರ ಕೆರೆದು ತೆಗೆದು, ಮಳೆ ನೀರು ಹಿಡಿದಿಟ್ಟಿದ್ದರೆ ಒಮ್ಮೆ ಧಾರಾಳವಾಗಿ ಹಾಕಿ, ತಳದ ತೂತಿನಿಂದ ಹರಿದುಹೋಗಲು ಬಿಡಿ.

ಗಿಡ ಹೋಯಿತು ಎಂದು ತಂದು ತೋರಿಸುವವರ ಡಬ್ಬಿ ಬೋರಲು ಹಾಕಿ ನೋಡಿದರೆ ಹತ್ತರಲ್ಲಿ ಎಂಟು ಕಡೆ ಮಣ್ಣು ಜವುಗು, ಬೇರು ಕಂದು. ಎಲೆ ಹಳದಿಯಾಯಿತು, ನೀರಡಿಸಿರಬೇಕು ಅಂತ ಮತ್ತೆ ನೀರು ಹಾಕಿರುತ್ತಾರೆ. ಅವ್ವಂದಿರ ಕೈ ಹಾಗೇ, ಯಾರು ಸಪ್ಪಗೆ ಕಂಡರೂ ಏನಾದರೂ ಕುಡಿಸಬೇಕು. ಈ ಗಿಡ ಸಪ್ಪಗೆ ಕಂಡರೆ ಮೊದಲು ಬೆರಳು ಹಾಕಿ ನೋಡಿ, ಆಮೇಲೆ ಲೋಟ ಹಿಡಿಯಿರಿ.

ಹೂ ಬಿಡುವಾಗ

ಒಣಗಿದ ಹೂವನ್ನು ಕೆಳಗಿನ ಎಲೆ ಜೊತೆಯ ತನಕ ಕತ್ತರಿಸಿದರೆ ಹೊಸ ಮೊಗ್ಗು ಒಡೆಯುತ್ತದೆ. ಬಿಟ್ಟರೆ ಗಿಡ ಬೀಜ ಕಟ್ಟಲು ಹೊರಟು ಹೂ ನಿಲ್ಲಿಸುತ್ತದೆ. ವಾರಕ್ಕೊಮ್ಮೆ, ಸಂಘದ ಸಭೆಗೆ ಹೊರಡುವ ಮುಂಚೆ ಅಂತಿಟ್ಟುಕೊಳ್ಳಿ, ಕತ್ತರಿ ಹಿಡಿದು ಒಂದು ಸುತ್ತು ಹಾಕಿದರೆ ಸಾಕು. ತಿಂಗಳಿಗೊಮ್ಮೆ ಒಂದು ಹಿಡಿ ಕಳಿತ ಗೊಬ್ಬರ ಅಥವಾ ಎರೆಗೊಬ್ಬರ ಬುಡದಿಂದ ದೂರ ಹಾಕಿ ಮಣ್ಣು ಕೆದರಿ. ಯೂರಿಯಾ ಬೇಡ.

ಎಳೆಯ ತುದಿಗೆ ಹೇನು ಮುತ್ತುತ್ತದೆ. ಫೆಬ್ರವರಿಯ ಬಿಸಿಲಿಗೆ ಎಲೆಯ ಕೆಳಗೆ ಕೆಂಪು ನುಸಿ ಬರುತ್ತದೆ, ಎಲೆ ಬಿಳಿ ಚುಕ್ಕೆಯಾಗಿ ಸಣ್ಣ ಬಲೆ ಕಟ್ಟುತ್ತದೆ. ಎರಡಕ್ಕೂ ಬೇವಿನ ಬೀಜದ ಕಷಾಯ ಸಾಕು. ಒಣ ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಡಿ ಸೋಸಿ, ಚಿಟಿಕೆ ಸಾಬೂನು ಬೆರೆಸಿ, ಸಂಜೆ ಹೊತ್ತು ಎಲೆಯ ಕೆಳಭಾಗಕ್ಕೆ ಸಿಂಪಡಿಸಿ. ಮಾಡಿದ ದಿನವೇ ಬಳಸಬೇಕು. ಹೊಲಕ್ಕೆ ತಂದ ಔಷಧಿ ಉಳಿದಿದೆ ಅಂತ ಹಿತ್ತಲಿಗೆ ಹೊಡೆಯಬೇಡಿ, ಮಕ್ಕಳು ಓಡಾಡುವ ಜಾಗ.

ಗಿಡದ ಒಂದು ಮಗ್ಗುಲು ಮಾತ್ರ ಹಳದಿಯಾಗಿ ಬಾಗಿದರೆ, ಕಾಂಡ ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ, ಅದು ಸೊರಗು ರೋಗ. ಮದ್ದು ಹುಡುಕಬೇಡಿ. ಕಿತ್ತು ಸುಡಿ, ತಿಪ್ಪೆಗೆ ಹಾಕಬೇಡಿ, ಆ ಮಣ್ಣಿನಲ್ಲಿ ಇದೇ ಗಿಡ ಮತ್ತೆ ನೆಡಬೇಡಿ. ಇನ್ನು ಆಡು, ಕೋಳಿ. ಇವುಗಳ ಮುಂದೆ ಯಾವ ರೋಗವೂ ದೊಡ್ಡದಲ್ಲ. ಒಣ ಜಾಲಿ ಮುಳ್ಳು ಸುತ್ತಲೂ ಚುಚ್ಚಿಡಿ. ಈ ಗಿಡ ತಿಂದರೆ ಆಡಿಗೆ ಹೊಟ್ಟೆ ಕೆಡಬಹುದು, ಸಣ್ಣ ಮಕ್ಕಳೂ ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ.

ಈ ಹೂವು ಯಾರಿಗೆ?

ಇದು ಮಾಲೆ ಕಟ್ಟಲು, ತಲೆಗೆ ಮುಡಿಯಲು ಅಷ್ಟಾಗಿ ಒಗ್ಗುವ ಹೂವಲ್ಲ. ಮಾರಿನ ಲೆಕ್ಕಕ್ಕೆ ಬರುವುದಿಲ್ಲ. ಲೋಟದ ನೀರಿನಲ್ಲಿ ಇಟ್ಟರೆ ಐದಾರು ದಿನ ಇರುತ್ತದೆ. ಹಾಗಾದರೆ ಯಾಕೆ ಬೆಳೆಯಬೇಕು ಎಂದು ಒಂದು ಸಭೆಯಲ್ಲಿ ಮಾತು ಬಂದಾಗ, ಮೂಲೆಯಲ್ಲಿ ಕೂತ ಹಿರಿಯ ಅಕ್ಕ ಒಬ್ಬರು, ಗಂಡನನ್ನು ಕಳಕೊಂಡು ಬಹಳ ವರ್ಷ ಆದವರು, ಮೆಲ್ಲಗೆ ಕೇಳಿದರು. "ಸಿಸ್ಟರ್, ನಾ ಹೂವಿನ ಗಿಡ ಹಚ್ಚಿದ್ರ ಮಂದಿ ಏನಂತಾರ್ರಿ?" ಅವರು ಮನೆಯಲ್ಲಿದ್ದ ಮಲ್ಲಿಗೆ ಬಳ್ಳಿಯನ್ನು ಗಂಡ ತೀರಿದ ವರ್ಷವೇ ಕಿತ್ತು ಹಾಕಿಸಿದ್ದರಂತೆ. ಮುಡಿಯದವರ ಮನೆಯಲ್ಲಿ ಮಲ್ಲಿಗೆ ಯಾಕೆ ಅಂತ ಹತ್ತಿರದವರೇ ಅಂದದ್ದಕ್ಕೆ.

ಗಂಡ ಸತ್ತವಳು ಹೂ ಮುಡಿಯಬಾರದು ಅನ್ನುವುದನ್ನೇ ನಾವು ಒಪ್ಪುವುದಿಲ್ಲ. ಹುಟ್ಟಿದಾಗಿನಿಂದ ಮುಡಿದ ಹೂವು ಗಂಡ ತಂದು ಕೊಟ್ಟದ್ದಲ್ಲ. ಆ ವಿಚಾರವನ್ನು ಸಂಘಗಳಲ್ಲಿ ಮಾತಾಡುತ್ತಲೇ ಇದ್ದೇವೆ, ಇನ್ನೂ ಮಾತಾಡಬೇಕು. ಆದರೆ ಅವತ್ತು ಆ ಅಕ್ಕನಿಗೆ ಬೇಕಾದದ್ದು ಭಾಷಣವಲ್ಲ, ಒಂದು ಗಿಡ. ಪಕ್ಕದಲ್ಲಿ ಕೂತಾಕಿ ಥಟ್ಟನೆ ಅಂದಳು, "ಈ ಹೂವಿಗೆ ನಮ್ಮ ಊರಾಗ ಯಾವ ಶಾಸ್ತ್ರನೂ ಇಲ್ಲ ಬಿಡವ್ವ, ಯಾರೂ ಏನೂ ಅನ್ನಂಗಿಲ್ಲ." ಎಲ್ಲರೂ ನಕ್ಕರು. ಮಾತು ನಿಜ. ಹೊಸ ಹೂವಿಗೆ ಹಳೆಯ ಕಟ್ಟಳೆ ಅಂಟಿಲ್ಲ. ಅವರ ಮನೆಯ ಕಟ್ಟೆಯ ಮೇಲೆ ಆ ಚಳಿಗಾಲ ಮೂರು ಡಬ್ಬಿ ಇದ್ದವು. ನೀರು ಹಾಕುವ ನೆಪದಲ್ಲಿ ಹೊರಗೆ ಕೂರುತ್ತಿದ್ದರು, ಹೋಗಿ ಬರುವವರು ಹೂವಿನ ಹೆಸರು ಕೇಳಲು ನಿಲ್ಲುತ್ತಿದ್ದರು. ನಮ್ಮ ಸಮಾಜಕಾರ್ಯದ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ಹೆಸರುಗಳಿವೆ.

ದೇವರಿಗೆ ಏರಿಸಬಹುದೇ ಎಂದು ಕೇಳಿದ್ದೀರಿ. ನಿಮ್ಮ ನಿಮ್ಮ ಮನೆಯ ಪದ್ಧತಿ ನಿಮಗೆ. ಕ್ರೈಸ್ತರಲ್ಲಿ ಈ ಹೂವಿಗೆ ಹಳೆಯ ನಂಟಿದೆ. ಯೇಸುವು ಶಿಲುಬೆ ಹೊತ್ತು ನಡೆದಾಗ ಮಾತೆ ಮರಿಯಮ್ಮನವರ ಕಣ್ಣೀರು ಬಿದ್ದಲ್ಲಿ ಈ ಗಿಡ ಹುಟ್ಟಿತು ಎಂಬುದು ಯುರೋಪಿನ ಒಂದು ಐತಿಹ್ಯ, ಧರ್ಮಗ್ರಂಥದ ಮಾತಲ್ಲ. ಚಿತ್ರಕಾರ ರಾಫೆಲ್ 1506-07ರ ಸುಮಾರಿಗೆ ಬರೆದ ಒಂದು ಪುಟ್ಟ ಚಿತ್ರದಲ್ಲಿ ಬಾಲಯೇಸು ತಾಯಿಯ ತೊಡೆಯ ಮೇಲೆ ಕೂತು ಇದೇ ಹೂವನ್ನು ಹಿಡಿದಿದ್ದಾನೆ. ಆ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಮೆರಿಕದಲ್ಲಿ ಆ್ಯನಾ ಜಾರ್ವಿಸ್ ಎಂಬಾಕೆ 1908ರ ಮೇ 10ರಂದು ತೀರಿಹೋದ ತನ್ನ ತಾಯಿಯ ನೆನಪಿಗೆ ತಾಯಿಯ ಮೆಚ್ಚಿನ ಬಿಳಿ ಕಾರ್ನೇಷನ್ 500 ಹೂಗಳನ್ನು ಊರಿನ ಚರ್ಚಿಗೆ ಕಳಿಸಿದಳು. ತಾಯಂದಿರ ದಿನ ಶುರುವಾದದ್ದು ಹಾಗೆ. ಆಮೇಲೆ ಹೂವಿನ ವ್ಯಾಪಾರಿಗಳು ಆ ದಿನವನ್ನೇ ವ್ಯಾಪಾರ ಮಾಡಿಕೊಂಡರೆಂದು ಅವಳೇ ಅವರ ವಿರುದ್ಧ ನಿಂತಳು. ಹಿತ್ತಲಲ್ಲಿ ಬೆಳೆದದ್ದಕ್ಕೆ ಆ ತಂಟೆ ಇಲ್ಲ.

ಚರ್ಚಿನ ಪೀಠಕ್ಕೆ ಹೂ ಕೊಡುವ ಮನೆಯವರಿಗೆ ಒಂದು ಅನುಕೂಲವಿದೆ. ಕ್ರಿಸ್ಮಸ್‌ನಿಂದ ಫೆಬ್ರವರಿ ತನಕ ಹೂ ಧಾರಾಳ. ತಪಸ್ಸುಕಾಲ ಬಂದಾಗ, ನಾಲ್ಕನೇ ಭಾನುವಾರ, ಮಹೋತ್ಸವ, ಹಬ್ಬಗಳನ್ನು ಬಿಟ್ಟು, ಪೀಠಕ್ಕೆ ಹೂ ಇಡುವುದಿಲ್ಲ. ಆಗ ಕೊಯ್ಯುವುದು ನಿಲ್ಲಿಸಿ ಗಿಡವನ್ನು ಬೀಜಕ್ಕೆ ಬಿಡಿ. ಗಿಡಕ್ಕೂ ಅದೇ ಕಾಲ ಬೇಕಾಗಿದೆ.

ಗುಡ್ಡದ ಗಿಡ ಗುಡ್ಡದಲ್ಲೇ ಇರಲಿ

ಕಾಡು ಹೂವು ಅಂದ ಕೂಡಲೇ ಕೆಲವರಿಗೆ ಕಪ್ಪತಗುಡ್ಡ ನೆನಪಾಗುತ್ತದೆ. "ಗುಡ್ಡದಾಗ ಎಷ್ಟು ಚಂದ ಹೂವು ಅದಾವು, ಕಿತ್ತು ತಂದು ಹಚ್ಚಿದ್ರ ಆತಲ್ರೀ" ಎಂದು ಡೋಣಿ ಕಡೆಯ ಒಬ್ಬರು ಕೇಳಿದರು. ಕೀಳಬೇಡಿ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಿಗೆ ಹಬ್ಬಿದ ಆ ಗುಡ್ಡವನ್ನು 2015ರಲ್ಲಿ ಸಂರಕ್ಷಿತ ಮೀಸಲು ಎಂದು ಸಾರಿ, 2016ರಲ್ಲಿ ಸರ್ಕಾರ ಹಿಂತೆಗೆದುಕೊಂಡಿತ್ತು. 2017ರ ಫೆಬ್ರವರಿಯಲ್ಲಿ ಮಠಾಧೀಶರು, ರೈತರು, ಹೆಣ್ಣುಮಕ್ಕಳು ಗದಗಿನಲ್ಲಿ ಧರಣಿ ಕೂತದ್ದು ನಿಮಗೆ ನೆನಪಿದೆ, ನಿಮ್ಮಲ್ಲೂ ಕೆಲವರು ಹೋಗಿದ್ದಿರಿ. ಆ ವರ್ಷವೇ ಮೀಸಲು ಮರಳಿ ಬಂತು, 2019ರಲ್ಲಿ ವನ್ಯಜೀವಿ ಧಾಮವಾಯಿತು. ಗಣಿಯವರಿಂದ ಉಳಿಸಿಕೊಂಡ ಗುಡ್ಡವನ್ನು ನಾವು ಒಂದೊಂದು ಗಿಡವಾಗಿ ಬುಟ್ಟಿಯಲ್ಲಿ ಹೊತ್ತು ತರುವುದು ಸರಿಯಲ್ಲ. ಕಾನೂನಿನಲ್ಲೂ ಅಪರಾಧ. ಅಲ್ಲದೆ ಗುಡ್ಡದಿಂದ ಕಿತ್ತ ಗಿಡ ಹಿತ್ತಲಲ್ಲಿ ಬದುಕುವುದೂ ಕಡಿಮೆ. ಡಯಾಂಥಸ್ ಬೀಜವನ್ನು ಗುಡ್ಡದ ಮೇಲೆ ಎರಚುವುದೂ ಬೇಡ, ಅಲ್ಲಿನ ನೆಲ ಅಲ್ಲಿನ ಗಿಡಗಳದ್ದು.

ಬೀಜ ಹಿಡಿಯುವುದು

ಫೆಬ್ರವರಿ ಕೊನೆಗೆ ಚೆನ್ನಾಗಿ ಹೂ ಕೊಟ್ಟ, ರೋಗ ಬಾರದ ನಾಲ್ಕು ಗಿಡ ಆರಿಸಿ ದಾರ ಕಟ್ಟಿ. ಅವುಗಳ ಒಣ ಹೂ ಕತ್ತರಿಸಬೇಡಿ. ಹೂವಿನ ಕೆಳಗಿನ ಹಸಿರು ಕೊಳವೆ ಮೂರು ನಾಲ್ಕು ವಾರದಲ್ಲಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಒಳಗಿನ ಕಾಯಿಯ ತುದಿ ನಾಲ್ಕು ಹಲ್ಲಾಗಿ ಬಿರಿದು ಪುಟ್ಟ ಗಡಿಗೆಯ ಬಾಯಿ ಹಾಗೆ ಕಾಣುತ್ತದೆ. ಗಾಳಿಗೆ ಅಲುಗಾಡಿದರೆ ಬೀಜ ಚೆಲ್ಲಿಬಿಡುತ್ತದೆ, ಆದ್ದರಿಂದ ಬಿರಿಯುವುದು ಕಂಡ ದಿನವೇ ಬೆಳಗಿನ ಹೊತ್ತು ಕಡ್ಡಿ ಸಮೇತ ಕೊಯ್ದು ಕಾಗದದ ಮೇಲೆ ಬೋರಲು ಹಾಕಿ. ನೆರಳಲ್ಲಿ ಒಂದು ವಾರ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಬಣ್ಣ ಮತ್ತು ವರ್ಷ ಬರೆದು, ಮುಚ್ಚಳದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ. ಎರಡು ಮೂರು ವರ್ಷ ಮೊಳೆಯುತ್ತದೆ. ಚಿಟ್ಟೆಗಳು ಒಂದರ ಪರಾಗ ಇನ್ನೊಂದಕ್ಕೆ ಒಯ್ಯುವುದರಿಂದ ಮುಂದಿನ ವರ್ಷ ಬಣ್ಣ ಬೆರೆತು ಬರಬಹುದು. ಎಫ್-1 ಎಂದು ಬರೆದ ದುಬಾರಿ ಪಾಕೀಟಿನದಾದರೆ ತಾಯಿಯ ಹಾಗೆ ಬಾರದು, ಸಾಧಾರಣ ಪಾಕೀಟೇ ತನ್ನಿರಿ.

ಕಡ್ಡಿಯಿಂದಲೂ ಗಿಡ ಮಾಡಬಹುದು. ಜನವರಿಯಲ್ಲಿ ಹೂ ಇಲ್ಲದ ಪಕ್ಕದ ಕವಲನ್ನು ಗೆಣ್ಣಿನ ಕೆಳಗೆ ನಾಲ್ಕು ಬೆರಳುದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಹಸಿ ಉಸುಕಿನಲ್ಲಿ ನೆರಳಿಗೆ ಇಟ್ಟರೆ ಮೂರು ವಾರಕ್ಕೆ ಬೇರು. ಹತ್ತಿರದವರಿಗೆ ಕೊಡಲು ಇದು ಸುಲಭ.

ಮಾರ್ಚ್ ನಡುವಿಗೆ ಗಿಡದ ಬುಡ ಕಂದಾಗಿ ಎಲೆ ಒಣಗತೊಡಗುತ್ತದೆ. ತೋಯಿಸಿದ ಗೋಣಿತಟ್ಟು ಹೊದಿಸಿ, ಎರಡು ಹೊತ್ತು ನೀರು ಹಾಕಿ ಏಪ್ರಿಲ್ ದಾಟಿಸಲು ಒದ್ದಾಡಬೇಡಿ. ಆ ನೀರು ಎಮ್ಮೆಗೆ, ಮನೆಗೆ ಬೇಕು. ಬೀಜ ಹಿಡಿದ ಮೇಲೆ ರೋಗವಿಲ್ಲದ ಗಿಡಗಳನ್ನು ಕಿತ್ತು ತಿಪ್ಪೆಗೆ ಹಾಕಿ, ಡಬ್ಬಿಯ ಮಣ್ಣನ್ನು ಹಾಳೆಯ ಮೇಲೆ ಹರವಿ ಬ್ಯಾಸಿಗಿ ಬಿಸಿಲಿಗೆ ಬಿಡಿ, ರೋಗದ ಬೀಜ ಸಾಯುತ್ತದೆ. ಮಳೆ ಹಿಡಿದ ಮೇಲೆ ಅದೇ ಡಬ್ಬಿಯಲ್ಲಿ ಮೆಂತ್ಯ, ಕೊತ್ತಂಬರಿ, ಹಸಿಮೆಣಸಿನಕಾಯಿ ಹಾಕಿ. ಸೆಪ್ಟೆಂಬರ್ ಸಭೆಗೆ ಬರುವಾಗ ಬೀಜದ ಪೊಟ್ಟಣ ತನ್ನಿರಿ, ಇಲ್ಲದವರಿಗೆ ಹಂಚೋಣ.